ಕ್ಷಣ ಹಿಡಿಯಲು ಎಷ್ಟು ಹೊತ್ತು?

1854ರ ಕೊನೆಯಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ ಬೇಲೂರು, ಹಳೇಬೀಡುಗಳಿಗೆ ಹೋದಾಗ ಆತನ ಬಳಿ ಇದ್ದದ್ದು ದೊಡ್ಡ ಕ್ಯಾಮೆರಾ ಮತ್ತು ರಾಸಾಯನಿಕ ಬಳಿದ ಕಾಗದ. ಅಂಥ ಕಾಗದದ ಮೇಲೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೀಳಬೇಕಿತ್ತು. ಅಷ್ಟು ಹೊತ್ತೂ ಕ್ಯಾಮೆರಾ ಮುಕ್ಕಾಲಿಯ ಮೇಲೆ ಅಲುಗಾಡದೆ ಕೂರಬೇಕು, ಎದುರಿನ ವಸ್ತುವೂ ಹಾಗೆಯೇ ಇರಬೇಕು. ಹೊಯ್ಸಳರ ಕಲ್ಲಿಗೆ ಆ ತಾಳ್ಮೆ ಇತ್ತು. ಗುಡಿಯ ಮುಂದೆ ಹಾದುಹೋಗುವವರಿಗೆ ಇರುವುದುಂಟೆ? ನಡೆದು ಹೋದವರ ಗುರುತು ಈ ಬಗೆಯ ಚಿತ್ರಗಳಲ್ಲಿ ಉಳಿಯುತ್ತಿರಲಿಲ್ಲ.

1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮ್ಯಾಡಾಕ್ಸ್ ಜೆಲಟಿನ್ ಬಳಿದ ಒಣ ಫಲಕದ ವಿಧಾನ ಪ್ರಕಟಿಸಿದ. ಮುಂದೆ ಅದು ಸುಧಾರಿಸಿದಂತೆ ನಿಮಿಷದ ಲೆಕ್ಕ ಸೆಕೆಂಡಿನ ಪಾಲಿಗೆ ಇಳಿಯಿತು, ಕ್ಯಾಮೆರಾ ಮುಕ್ಕಾಲಿಯಿಂದ ಕೈಗೆ ಬಂತು. 1925ರಲ್ಲಿ ಮಾರುಕಟ್ಟೆಗೆ ಬಂದ ಜರ್ಮನಿಯ ಲೈಕಾದಲ್ಲಿ ಸೆಕೆಂಡಿನ 20ರಲ್ಲಿ ಒಂದು ಪಾಲಿನಿಂದ 500ರಲ್ಲಿ ಒಂದು ಪಾಲಿನವರೆಗೆ ವೇಗಗಳಿದ್ದವು. ಯಾವುದನ್ನು ಆರಿಸಬೇಕು ಎಂಬ ತಲೆನೋವೂ ಜೊತೆಗೇ ಬಂತು. ನಮ್ಮ ಮನೆಗಳಲ್ಲಿದ್ದ ಅಗ್ಫಾ ಕ್ಲಿಕ್ 3ರಲ್ಲಿ ಆ ಗೊಡವೆ ಇರಲಿಲ್ಲ. ಬಿಸಿಲಿಗೆ ನಿಲ್ಲಿಸಿ ಕ್ಲಿಕ್ಕಿಸಿದರಾಯಿತು. ಒಂದು ರೋಲಿಗೆ ಹನ್ನೆರಡೇ ಚಿತ್ರ, ಒಂದು ಅಲುಗಿದರೆ ಮದುವೆಯ ಒಂದು ಗಳಿಗೆಯೇ ಹೋದಂತೆ.

ಕೈ ಎಷ್ಟೇ ಗಟ್ಟಿಯಾಗಿದ್ದರೂ ಉಸಿರು, ನಾಡಿಬಡಿತ ನಿಲ್ಲವು. ಈ ಅದುರು ಲೆನ್ಸ್ ಉದ್ದವಾದಷ್ಟೂ ದೊಡ್ಡದಾಗಿ ಕಾಣುತ್ತದೆ. ದೂರದ ಹಕ್ಕಿಯನ್ನು ಹತ್ತಿರ ತರುವ ಲೆನ್ಸ್ ನಮ್ಮ ನಡುಕವನ್ನೂ ಹಿಗ್ಗಿಸುತ್ತದೆ. ಇದರಿಂದಲೇ 35 ಮಿ.ಮೀ. ಫಿಲಂ ಬಳಸುವವರಲ್ಲಿ ಒಂದು ಸೂತ್ರ ರೂಢಿಗೆ ಬಂತು: 50 ಮಿ.ಮೀ. ಲೆನ್ಸಿಗೆ ಸೆಕೆಂಡಿನ 60ರಲ್ಲಿ ಒಂದು ಪಾಲು, 200ಕ್ಕೆ 250ರಲ್ಲಿ ಒಂದು ಪಾಲು, ಅದಕ್ಕಿಂತ ನಿಧಾನ ಬೇಡ. ಇದು ಶಾಸ್ತ್ರವಲ್ಲ, ಪೋಸ್ಟ್‌ಕಾರ್ಡ್ ಗಾತ್ರದ ಮುದ್ರಣಕ್ಕೆ ಹೊಂದುವ ಅಂದಾಜು. ಗೋಡೆಗೆ ತೂಗುಹಾಕುವಷ್ಟು ಹಿಗ್ಗಿಸುವುದಾದರೆ ಇನ್ನೂ ಒಂದೆರಡು ಮೆಟ್ಟಿಲು ಏರುವುದು ಲೇಸು. ಸಣ್ಣ ಸೆನ್ಸರ್‌ನ ಡಿಜಿಟಲ್ ಕ್ಯಾಮೆರಾದಲ್ಲೂ ಅಷ್ಟೇ. ಅಲ್ಲಿ 50 ಮಿ.ಮೀ. ಲೆನ್ಸ್ ಸುಮಾರು 75ರಂತೆ ವರ್ತಿಸುತ್ತದೆ.

1995ರಲ್ಲಿ ಕ್ಯಾನನ್ ಕಂಪನಿ ಅದುರನ್ನು ಸರಿದೂಗಿಸುವ ಲೆನ್ಸ್ ತಂದಿತು, ಈಗ ಫೋನುಗಳಲ್ಲೂ ಆ ಉಪಾಯವಿದೆ. ಆದರೆ ಅದು ತಡೆಯುವುದು ನಮ್ಮ ಕೈಯನ್ನು, ಎದುರಿನವರ ಕೈಯನ್ನಲ್ಲ. ಸಂಜೆ ರಾಜಾಜಿನಗರದಲ್ಲಿ ಮಲ್ಲಿಗೆ ಮಾರುವಾಕೆ ಮೊಳ ಅಳೆಯುವಾಗ 60ರಲ್ಲಿ ಒಂದು ಪಾಲಿಗೆ ಚಿತ್ರ ತೆಗೆಯಿರಿ. ಮುಖ ಸ್ಪಷ್ಟವಾಗಿ, ಅಳೆಯುವ ಕೈ ಮಂಜಾಗಿ ಬಂದೀತು. ಅದನ್ನೂ ಹಿಡಿಯಬೇಕೆಂದರೆ 250 ಬೇಕು, ಆಗ ಅಂಗಡಿಯ ಬಲ್ಬಿನ ಬೆಳಕು ಸಾಲದು. ಐಎಸ್ಒ ಏರಿಸಿದರೆ ಚಿತ್ರದಲ್ಲಿ ಕಾಳುಕಾಳು. ನನಗೇನೋ ಆ ಮಂಜಾದ ಕೈಯೇ ಇಷ್ಟ. ಹಳೇಬೀಡಿನ ಕಾಗದದ ಮೇಲೆ ಹೀಗೆ ಅಲುಗಿದ ಕೈಗೆ ಜಾಗವೇ ಇರುತ್ತಿರಲಿಲ್ಲ.