ಬೆಳಗಾದರೂ ಕಳೆಯದ ಇರುಳು: ವರ್ನರ್ ಹರ್ಜಾಗ್ ಅವರ ‘ನೊಸ್ಫೆರಾಟು’

ರಕ್ತ ಹೀರುವ ಪಿಶಾಚಿ ಬಿಸಿಲು ಸೋಕಿದರೆ ಸಾಯುತ್ತದೆ ಎಂಬುದು ಇಂದು ಮಕ್ಕಳಿಗೂ ಗೊತ್ತು. ಯುರೋಪಿನ ಹಳ್ಳಿಗಳಿಂದ ತಲೆತಲಾಂತರವಾಗಿ ಬಂದ ನಂಬಿಕೆಯೇ ಇದಿರಬೇಕು ಎಂದು ಅನೇಕರು ತಿಳಿದಿದ್ದಾರೆ. ಆದರೆ ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಕಾದಂಬರಿಯಲ್ಲಿ ಕೌಂಟ್ ಡ್ರಾಕುಲಾ ಹಾಡಹಗಲೇ ಲಂಡನ್ನಿನ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಹಗಲಿನಲ್ಲಿ ಅವನ ಶಕ್ತಿ ಕುಂದುತ್ತದೆ, ಅಷ್ಟೆ. ಕೊನೆಗೆ ಅವನ ಪ್ರಾಣ ತೆಗೆಯುವುದು ಚೂರಿ. ಸೂರ್ಯನ ಬೆಳಕಿಗೆ ಆ ಕೆಲಸ ಒಪ್ಪಿಸಿದ್ದು ಎಫ್. ಡಬ್ಲ್ಯೂ. ಮುರ್ನೌ ಅವರ 1922ರ ಮೂಕಿ ಚಿತ್ರ ‘ನೊಸ್ಫೆರಾಟು’. ಐವತ್ತೇಳು ವರ್ಷಗಳ ಬಳಿಕ ವರ್ನರ್ ಹರ್ಜಾಗ್ ಅದೇ ಕಥೆಯನ್ನು ‘ನೊಸ್ಫೆರಾಟು: ಇರುಳಿನ ಪ್ರೇತ’ ಎಂಬ ಅರ್ಥದ ಹೆಸರಿನಲ್ಲಿ ಮತ್ತೆ ಚಿತ್ರಿಸಿದರು. ಮುರ್ನೌ ಕಟ್ಟಿದ ದೃಶ್ಯಗಳಲ್ಲಿ ಹಲವನ್ನು ಅವರು ಭಕ್ತಿಯಿಂದ ಉಳಿಸಿಕೊಂಡರು. ಬೆಳಕಿನ ಗೆಲುವನ್ನು ಮಾತ್ರ ಉಳಿಸಿಕೊಳ್ಳಲಿಲ್ಲ. 1979ರ ಚಿತ್ರದ ಸ್ವಂತಿಕೆಯನ್ನು ಹುಡುಕಬೇಕಾದದ್ದು ಅಲ್ಲಿಯೇ ಎಂಬುದು ನನ್ನ ವಾದ.

ಮೂಲ ಚಿತ್ರ ಉಳಿದು ಬಂದದ್ದೇ ಒಂದು ಸೋಜಿಗ. ಆಲ್ಬಿನ್ ಗ್ರೌ ಮತ್ತು ಎನ್ರಿಕೊ ಡೀಕ್‌ಮನ್ ಕಟ್ಟಿದ ಪ್ರಾಣ ಫಿಲ್ಮ್ ಎಂಬ ಸಣ್ಣ ಸಂಸ್ಥೆ ಅದನ್ನು ತಯಾರಿಸಿತು. ಕಾದಂಬರಿಯ ಹಕ್ಕು ಪಡೆಯದೆ ಹೆಸರುಗಳನ್ನಷ್ಟೇ ಬದಲಿಸಿದರು. ಡ್ರಾಕುಲಾ ಓರ್ಲಾಕ್ ಆದ, ಹಾರ್ಕರ್ ಹುಟ್ಟರ್ ಆದ. 1922ರ ಮಾರ್ಚ್ 4ರಂದು ಬರ್ಲಿನ್ನಿನ ಮೃಗಾಲಯದ ಅಮೃತಶಿಲೆ ಸಭಾಂಗಣದಲ್ಲಿ ಅದ್ದೂರಿಯಾಗಿ ಮೊದಲ ಪ್ರದರ್ಶನ ನಡೆಯಿತು. ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ಕೋರ್ಟಿಗೆ ಹೋದರು. ಅಷ್ಟರಲ್ಲಿ ಸಂಸ್ಥೆ ದಿವಾಳಿಯಾಗಿತ್ತು. 1925ರಲ್ಲಿ ಜರ್ಮನ್ ನ್ಯಾಯಾಲಯ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ಆದೇಶಿಸಿತು. ಹೊರದೇಶಗಳಿಗೆ ಹೋಗಿದ್ದ ಪ್ರತಿಗಳಿಂದಾಗಿ ಚಿತ್ರ ಬದುಕಿತು. ಸತ್ತೂ ಸಾಯದವನ ಕಥೆಗೂ ಅಂಥದೇ ಆಯುಷ್ಯ ದೊರೆಯಿತು.

ಬದುಕಿದ ಪ್ರತಿಗಳಿಗೆ ಒಂದು ಊನವೂ ಅಂಟಿಕೊಂಡಿತು. ಆ ಕಾಲದ ವಾಡಿಕೆಯಂತೆ ಮುರ್ನೌ ಇರುಳಿನ ದೃಶ್ಯಗಳನ್ನು ಹಗಲಲ್ಲೇ ಚಿತ್ರಿಸಿ, ಪ್ರದರ್ಶನದ ಪ್ರತಿಗೆ ನೀಲಿ ಬಣ್ಣ ಕೊಡಿಸಿದ್ದರು. ಆ ಬಣ್ಣವಿಲ್ಲದ ಕಪ್ಪುಬಿಳುಪು ಪ್ರತಿಗಳು ದಶಕಗಳ ಕಾಲ ಓಡಾಡಿದವು. ಅವುಗಳಲ್ಲಿ ಓರ್ಲಾಕ್ ತನ್ನ ಶವಪೆಟ್ಟಿಗೆಯನ್ನು ಬಗಲಲ್ಲಿ ಹಿಡಿದು ಬಿಸಿಲಿನ ಬೀದಿಯಲ್ಲೇ ನಡೆದುಹೋಗುತ್ತಾನೆ. ಅವನನ್ನು ಬಿಸಿಲು ಯಾಕೆ ಸುಡಲಿಲ್ಲ ಎಂಬುದೇ ನೋಡುವವರಿಗೆ ಒಗಟು. ಬಣ್ಣಗಳನ್ನು ಮರಳಿ ತುಂಬಿದ ಪ್ರತಿ ಎನ್ನೊ ಪಟಾಲಾಸ್ ಅವರ ದುಡಿಮೆಯಿಂದ 1980ರ ದಶಕದಲ್ಲಿ ಬಂತು, ಅಂದರೆ ಹರ್ಜಾಗ್ ಚಿತ್ರದ ನಂತರ. ಹಗಲಿನಲ್ಲೂ ನಿರ್ಭಯವಾಗಿ ತಿರುಗುವ ಪಿಶಾಚಿಯನ್ನು ಕಂಡ ತಲೆಮಾರು ಹರ್ಜಾಗ್ ಅವರದು. ಅವರ ಚಿತ್ರದ ಬಿಳಿಚಿದ ಹಗಲನ್ನು ನೋಡುವಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ಕನ್ನಡ ಚಿತ್ರರಂಗದಲ್ಲಿ ರಿಮೇಕ್ ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ಬೇರೆಡೆ ಓಡಿದ ಚಿತ್ರವನ್ನು ಇಲ್ಲಿಗೆ ತಂದು ಹಣ ಮಾಡುವ ಕಸುಬು ಎಂಬ ಅರ್ಥ ಅದಕ್ಕೆ ಅಂಟಿದೆ. ಹರ್ಜಾಗ್ ಅವರನ್ನು ಆ ಕಣ್ಣಿನಿಂದ ನೋಡಲಾಗದು. 1942ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಅವರು ತಮ್ಮ ತಲೆಮಾರಿನ ಜರ್ಮನ್ ನಿರ್ದೇಶಕರಿಗೆ ತಂದೆಯರಿಲ್ಲ, ಅಜ್ಜಂದಿರು ಮಾತ್ರ ಇದ್ದಾರೆ ಎಂಬ ಅರ್ಥದ ಮಾತನ್ನು ಮತ್ತೆ ಮತ್ತೆ ಆಡಿದ್ದಾರೆ. ನಾಜಿ ಆಳ್ವಿಕೆಗೆ ಶರಣಾದ ನಡುವಿನ ಪೀಳಿಗೆಯಿಂದ ಕಲಿಯುವುದು ಅವರಿಗೆ ಬೇಕಿರಲಿಲ್ಲ. ಆ ಕಂದಕದ ಮೇಲೆ ಸೇತುವೆಯಾಗಿ ನಿಂತವರು ಲೋಟೆ ಐಸ್ನರ್. 1933ರಲ್ಲಿ ಬರ್ಲಿನ್ ತೊರೆದು ಪ್ಯಾರಿಸ್ ಸೇರಿದ ಈ ಯೆಹೂದಿ ವಿದುಷಿ 1952ರಲ್ಲಿ ಜರ್ಮನ್ ಮೂಕಿ ಚಿತ್ರಗಳ ಬಗ್ಗೆಯೂ 1964ರಲ್ಲಿ ಮುರ್ನೌ ಬಗ್ಗೆಯೂ ಪುಸ್ತಕ ಪ್ರಕಟಿಸಿದರು. 1974ರ ನವೆಂಬರಿನಲ್ಲಿ ಐಸ್ನರ್ ಕಾಯಿಲೆ ಬಿದ್ದ ಸುದ್ದಿ ತಿಳಿದಾಗ, ತಾನು ನಡೆದುಕೊಂಡೇ ಹೋದರೆ ಆಕೆ ಬದುಕುಳಿಯುತ್ತಾರೆಂದು ನಂಬಿ ಹರ್ಜಾಗ್ ಮ್ಯೂನಿಕ್‌ನಿಂದ ಪ್ಯಾರಿಸ್‌ಗೆ ಕಾಲ್ನಡಿಗೆಯಲ್ಲೇ ಹೊರಟರು. ನವೆಂಬರ್ 23ಕ್ಕೆ ಹೊರಟವರು ತಲುಪಿದ್ದು ಡಿಸೆಂಬರ್ 14ಕ್ಕೆ. ಆಕೆ ಚೇತರಿಸಿಕೊಂಡರು. ಇದನ್ನು ಹರಕೆ ಎಂದಲ್ಲದೆ ಬೇರೆ ಯಾವ ಮಾತಿನಿಂದ ಕರೆಯಬೇಕೋ ನಾನರಿಯೆ. ‘ನೊಸ್ಫೆರಾಟು’ವನ್ನೂ ಅದೇ ಹರಕೆಯ ಮುಂದುವರಿಕೆಯಾಗಿ ಓದಬೇಕು.

ಐಸ್ನರ್ ತಮ್ಮ ಬರಹದಲ್ಲಿ ಬಳಸಿದ ‘ಸ್ಟಿಮ್ಮುಂಗ್’ ಎಂಬ ಜರ್ಮನ್ ಪದ ಇಲ್ಲಿ ನಮ್ಮ ಕೈಹಿಡಿಯುತ್ತದೆ. ಒಂದು ಜಾಗದ ವಸ್ತುಗಳನ್ನೂ ಮನುಷ್ಯರನ್ನೂ ಒಟ್ಟಿಗೆ ಆವರಿಸಿಕೊಂಡ ಭಾವಸ್ಥಿತಿ ಎಂದು ಅದನ್ನು ಬಿಡಿಸಿ ಹೇಳಬಹುದು. ಹರ್ಜಾಗ್ ಚಿತ್ರ ಆರಂಭವಾಗುವುದು ಕಥೆಯಿಂದಲ್ಲ, ಇಂಥ ಭಾವದಿಂದ. ಮೆಕ್ಸಿಕೊದ ಗ್ವಾನಹ್ವಾಟೊದಲ್ಲಿರುವ ಒಣಗಿದ ಶವಗಳ ಮುಖದಿಂದ ಮುಖಕ್ಕೆ ಕ್ಯಾಮೆರಾ ಸಾಗುತ್ತದೆ. ತೆರೆದ ಬಾಯಿಗಳು, ಸುಕ್ಕುಗಟ್ಟಿದ ಚರ್ಮ, ಪುಟ್ಟ ಮಕ್ಕಳೂ ಇದ್ದಾರೆ. ಹಿನ್ನೆಲೆಯಲ್ಲಿ ಪೊಪೊಲ್ ವೂ ತಂಡದ ಫ್ಲೋರಿಯಾನ್ ಫ್ರಿಕೆ ಅವರ ಸಂಗೀತ, ಎರಡೇ ಸ್ವರಗಳ ನಡುವೆ ಉಸಿರಾಡುವ ಗಂಡುಕಂಠಗಳ ಮೇಳ. ಪಿಶಾಚಿ ಊರಿಗೆ ಕಾಲಿಡುವ ಮೊದಲೇ ಸಾವು ಬಂದು ಕೂತಾಗಿದೆ.

ಡ್ರಾಕುಲಾನ ಕೋಟೆಗೆ ಹೊರಟ ಹಾರ್ಕರನ ಪಯಣದಲ್ಲಿ ಎರಡೂ ಚಿತ್ರಗಳ ದಾರಿ ಬೇರೆಯಾಗುವುದು ಕಣ್ಣಿಗೆ ಕಟ್ಟುತ್ತದೆ. ಮುರ್ನೌ ಆ ದೃಶ್ಯಕ್ಕೆ ಚಮತ್ಕಾರ ಬಳಸಿದರು: ಗಾಡಿ ವೇಗ ಮೀರಿ ಓಡುತ್ತದೆ, ಕಾಡಿನ ಚಿತ್ರ ನೆಗೆಟಿವ್‌ನಲ್ಲಿ ಮೂಡುತ್ತದೆ. ಹರ್ಜಾಗ್ ಚಿತ್ರದಲ್ಲಿ ಬ್ರೂನೊ ಗಾಂಟ್ಸ್‌ನ ಹಾರ್ಕರನಿಗೆ ಯಾರೂ ಕುದುರೆ ಕೊಡುವುದಿಲ್ಲ, ಅವನು ನಡೆಯುತ್ತಾನೆ. ಕೊರಕಲು, ಜಲಪಾತ, ಬಂಡೆಗಳ ಮೇಲೆ ಕವಿಯುವ ಮೋಡ, ನಿಧಾನಕ್ಕೆ ಆರುವ ಸಂಜೆ. ವಾಗ್ನರ್ ಅವರ ‘ರೈನ್‌ಗೋಲ್ಡ್’ ಸಂಗೀತನಾಟಕದ ಆರಂಭದ ಸ್ವರ ಒಂದೇ ನೆಲೆಯಲ್ಲಿ ಉಬ್ಬುತ್ತಾ ಹೋಗುತ್ತದೆ. ಪ್ಯಾರಿಸ್‌ಗೆ ನಡೆದವರಲ್ಲದೆ ಇನ್ನಾರೂ ಈ ನಡಿಗೆಯನ್ನು ಹೀಗೆ ಚಿತ್ರಿಸಲಾರರು. ಛಾಯಾಗ್ರಾಹಕ ಯೋರ್ಗ್ ಷ್ಮಿಟ್ ರೈಟ್‌ವೈನ್. ಕೋಟೆಯಾಗಿ ಕಾಣುವುದು ಮೊರಾವಿಯಾದ ಪೆರ್ನ್‌ಶ್ಟೈನ್.

ಆ ಕೋಟೆಯಲ್ಲಿ ಎದುರಾಗುವವನು ಕ್ಲೌಸ್ ಕಿನ್ಸ್ಕಿ. ರೇಯ್ಕೊ ಕ್ರುಕ್ ಅವರ ಕೈಯಲ್ಲಿ ದಿನಾ ಸುಮಾರು ನಾಲ್ಕು ಗಂಟೆ ಪ್ರಸಾಧನ. ಬೋಳುತಲೆ, ಇಲಿಯಂಥ ಮುಂಹಲ್ಲು, ಉದ್ದ ಉಗುರು ಎಲ್ಲವೂ 1922ರ ಮಾಕ್ಸ್ ಶ್ರೆಕ್‌ರಿಂದಲೇ ಬಂದವು. ಆದರೆ ಶ್ರೆಕ್‌ನ ಓರ್ಲಾಕ್‌ಗೆ ಒಳಗು ಎಂಬುದಿಲ್ಲ. ವಿಮರ್ಶಕ ಸೀಗ್‌ಫ್ರೀಡ್ ಕ್ರಾಕೌರ್ 1947ರಲ್ಲಿ ಆ ಪಾತ್ರವನ್ನು ನಿರಂಕುಶ ಪ್ರಭುವಿನ ರೂಪವಾಗಿ ಓದಿದ್ದರು; ಪೂರ್ವದಿಂದ ಬರುವ ಪರಕೀಯನ ಭಯವನ್ನು, ಯೆಹೂದಿ ದ್ವೇಷದ ನೆರಳನ್ನು ನಂತರದ ವಿದ್ವಾಂಸರು ಅದರಲ್ಲಿ ಗುರುತಿಸಿದ್ದಾರೆ. ಕಿನ್ಸ್ಕಿಯ ಡ್ರಾಕುಲಾ ನಿಟ್ಟುಸಿರು ಬಿಡುತ್ತಾನೆ. ಮುಪ್ಪಾಗಲಾರದ, ಸಾಯಲಾರದ, ಪ್ರೀತಿ ಸಿಗದ ಬಾಳು ಸಾವಿಗಿಂತ ಘೋರ ಎಂದು ದನಿ ತಗ್ಗಿಸಿ ಹೇಳಿಕೊಳ್ಳುತ್ತಾನೆ. ಅವನ ಮೇಲೆ ಮರುಕ ಹುಟ್ಟಿದ ಗಳಿಗೆಯಲ್ಲೇ ಹೊರಗಿನ ಶತ್ರು ಎಂಬ ಹಳೆಯ ಓದು ಕುಸಿಯುತ್ತದೆ. ಸ್ಟೋಕರ್ 1912ರಲ್ಲಿ ತೀರಿಕೊಂಡಿದ್ದರಿಂದ ಬ್ರಿಟನ್ನಿನಲ್ಲಿ ಕೃತಿಸ್ವಾಮ್ಯ 1962ಕ್ಕೆ ಮುಗಿದಿತ್ತು; ಓರ್ಲಾಕ್‌ನ ಬದಲು ಡ್ರಾಕುಲಾ ಎಂಬ ಹೆಸರನ್ನು ಹರ್ಜಾಗ್ ಮರಳಿ ತಂದದ್ದು ಆ ನಂತರ.

ಡ್ರಾಕುಲಾ ಇಲಿಗಳನ್ನೂ ಪ್ಲೇಗನ್ನೂ ಹೊತ್ತು ಬರುವ ಹಾರ್ಕರನ ಊರಿನ ದೃಶ್ಯಗಳು ಬಹುಪಾಲು ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಆದವು. ಸುಮಾರು 11,000 ಇಲಿಗಳನ್ನು ಬೀದಿಗೆ ಬಿಡಲು ಆ ಊರಿನವರು ಒಪ್ಪದ ಕಾರಣ ಆ ಭಾಗವನ್ನು ಸ್ಕೀಡಾಮ್‌ನಲ್ಲಿ ಚಿತ್ರಿಸಬೇಕಾಯಿತು. ಬಿಳಿ ಇಲಿಗಳಿಗೆ ಬೂದು ಬಣ್ಣ ಹಚ್ಚಲಾಯಿತು. ಸಲಹೆಗೆಂದು ಬಂದಿದ್ದ ಜೀವವಿಜ್ಞಾನಿ, ಲೇಖಕ ಮಾರ್ಟೆನ್ ಟ್ ಹಾರ್ಟ್ ಅವುಗಳನ್ನು ನಡೆಸಿಕೊಂಡ ರೀತಿಯನ್ನು ಕಟುವಾಗಿ ಖಂಡಿಸಿದರು. ಈ ಚಿತ್ರವನ್ನು ಎಷ್ಟೇ ಮೆಚ್ಚಿದರೂ ಈ ಕಲೆಯನ್ನು ನಾನು ಮುಚ್ಚಿಡಲಾರೆ.

ಪ್ಲೇಗ್ ಹಬ್ಬಿದ ಊರಿನ ಚೌಕದ ದೃಶ್ಯವೇ ಚಿತ್ರದ ಹೃದಯ. ಕರಿಯುಡುಪಿನವರು ಶವಪೆಟ್ಟಿಗೆಗಳನ್ನು ಹೊತ್ತು ಸಾಲುಸಾಲಾಗಿ ಬರುತ್ತಾರೆ. ಪೀಠೋಪಕರಣಗಳು ಉರಿಯುತ್ತಿವೆ, ಕೆಲವರು ಕೈಹಿಡಿದು ಕುಣಿಯುತ್ತಿದ್ದಾರೆ. ಸಾಯಲಿರುವ ಮನೆಯವರು ಬೀದಿಯಲ್ಲೇ ಮೇಜು ಹಾಕಿ, ಕಾಲಬುಡದಲ್ಲಿ ಇಲಿಗಳು ಮುತ್ತಿರುವಾಗ, ಒಳ್ಳೆಯ ಬಟ್ಟೆ ತೊಟ್ಟು ಊಟಕ್ಕೆ ಕೂತಿದ್ದಾರೆ. ದಾರಿಯಲ್ಲಿ ಬಂದ ಹಾರ್ಕರನ ಹೆಂಡತಿ ಲೂಸಿಯನ್ನೂ ಊಟಕ್ಕೆ ಕರೆಯುತ್ತಾರೆ. ಇದೆಲ್ಲ ನಡೆಯುವುದು ಹಗಲಲ್ಲಿ. ಭಯವನ್ನು ಕತ್ತಲಿನಿಂದ ಬಿಡಿಸಿ ಹಗಲಿಗೆ ತಂದು ನಿಲ್ಲಿಸಿದ್ದು ಹರ್ಜಾಗ್ ಅವರ ದೊಡ್ಡ ಸಾಧನೆ.

ಕೊನೆಯಲ್ಲಿ ಇಸಬೆಲ್ ಅಜಾನಿಯ ಲೂಸಿ, ಮುರ್ನೌ ಚಿತ್ರದ ಎಲೆನ್‌ಳಂತೆಯೇ, ತನ್ನ ಪ್ರಾಣ ಕೊಟ್ಟು ಪಿಶಾಚಿಯನ್ನು ಬೆಳಗಿನ ತನಕ ಹಿಡಿದಿಡುತ್ತಾಳೆ. ಬಿಸಿಲು ಬರುತ್ತದೆ, ಡ್ರಾಕುಲಾ ಬೀಳುತ್ತಾನೆ. 1922ರಲ್ಲಿ ಕಥೆ ಅಲ್ಲಿಗೇ ನಿಂತಿತ್ತು. ಓರ್ಲಾಕ್ ಹೊಗೆಯಾಗಿ ಕರಗಿದ್ದ, ಊರು ಉಳಿದಿತ್ತು. 2024ರಲ್ಲಿ ರಾಬರ್ಟ್ ಎಗರ್ಸ್ ತೆಗೆದ ಮತ್ತೊಂದು ಮರುರೂಪವೂ ಆ ಮುಕ್ತಾಯಕ್ಕೇ ಮರಳಿತು. ಹರ್ಜಾಗ್ ಅಲ್ಲಿ ನಿಲ್ಲುವುದಿಲ್ಲ. ಎಲ್ಲವನ್ನೂ ಮೂಢನಂಬಿಕೆಯೆಂದು ತಳ್ಳಿಹಾಕುತ್ತಿದ್ದ ವೈದ್ಯ ವಾನ್ ಹೆಲ್ಸಿಂಗ್ ತಡವಾಗಿ ಗೂಟ ಹಿಡಿದು ಹೊರಡುತ್ತಾನೆ. ಡ್ರಾಕುಲಾನ ಕೊಲೆಗಾಗಿ ಅವನನ್ನು ಬಂಧಿಸಬೇಕೆಂದರೆ ಊರಿನಲ್ಲಿ ಪೊಲೀಸರೇ ಉಳಿದಿಲ್ಲ. ಮೂಲೆಯಲ್ಲಿ ಹಾರ್ಕರ್ ಕೂತಿದ್ದಾನೆ. ಅವನ ಸುತ್ತ ಲೂಸಿ ಚರ್ಚಿನ ಪವಿತ್ರ ರೊಟ್ಟಿಯ ಪುಡಿ ಉದುರಿಸಿದ್ದಾಳೆ, ಈಗ ತಾನೇ ಪಿಶಾಚಿಯಾಗಿರುವ ಅವನು ಅದನ್ನು ದಾಟಲಾರ. ಕೆಲಸದವಳನ್ನು ಕರೆದು ಕಸ ಗುಡಿಸಲು ಹೇಳುತ್ತಾನೆ. ಅವಳು ಗುಡಿಸುತ್ತಾಳೆ. ಉಗುರು ಬೆಳೆದ ಕೈಯಲ್ಲಿ ಲಗಾಮು ಹಿಡಿದು, ಗಾಳಿಗೆ ಮರಳು ಏಳುತ್ತಿರುವ ಬಯಲಿನಲ್ಲಿ ಅವನು ಕುದುರೆ ಓಡಿಸಿಕೊಂಡು ಹೋಗುತ್ತಾನೆ. ಗೂನೊ ಅವರ ‘ಸಾಂಕ್ಟುಸ್’ ಪ್ರಾರ್ಥನೆ ಕೇಳಿಸುತ್ತಿರುತ್ತದೆ. ಹಗಲು ಇನ್ನೂ ಮುಗಿದಿಲ್ಲ.