ವೆನಿಸ್ ನಗರದ ಸೇತುವೆಯೂ ನಂಜನಗೂಡಿನ ಸೇತುವೆಯೂ

ನೀರಿನ ಮೇಲೆ ನಿಂತ ನಗರವೆಂದು ಲೋಕಪ್ರಸಿದ್ಧವಾದ ವೆನಿಸ್ಸಿನ ಹೆಸರನ್ನು ಕೇಳದವರು ನಮ್ಮ ವಾಚಕರಲ್ಲಿ ವಿರಳ. ಷೇಕ್ಸ್‌ಪಿಯರ್ ಮಹಾಕವಿಯ ವರ್ತಕನ ನಾಟಕವನ್ನು ಓದಿದವರಿಗೆಲ್ಲ ಆ ಊರು ಒಂದು ಬಗೆಯಲ್ಲಿ ಪರಿಚಿತವೇ ಸರಿ. ಆದರೆ ಆ ನಗರಕ್ಕೂ ನಮ್ಮ ಕಪಿಲಾತೀರದ ನಂಜನಗೂಡಿಗೂ ಹೋಲಿಕೆಯುಂಟೆಂದರೆ ಕೆಲವರು ನಕ್ಕಾರು. ಅಲ್ಲಿ ಸಮುದ್ರದ ಹಿನ್ನೀರು, ಇಲ್ಲಿ ಹರಿಯುವ ಹೊಳೆ; ಅಲ್ಲಿ ವರ್ತಕರ ಸೌಧಗಳು, ಇಲ್ಲಿ ಶ್ರೀಕಂಠೇಶ್ವರಸ್ವಾಮಿಯ ಆಲಯ; ಅಲ್ಲಿಗೆ ಹೋಗುವವರು ವಿಹಾರಾರ್ಥಿಗಳು, ಇಲ್ಲಿಗೆ ಬರುವವರು ಸೇವಾರ್ಥಿಗಳು. ಆದರೂ ಇತಿಹಾಸವನ್ನು ಸಾವಧಾನವಾಗಿ ನೋಡಿದರೆ, ಈ ಎರಡು ಊರುಗಳಿಗೂ ಒಂದೇ ಪ್ರಶ್ನೆ ಎದುರಾಯಿತೆಂಬುದು ಗೋಚರವಾಗುವುದು. ನೀರನ್ನು ದಾಟಿ ರೈಲು ಊರಿಗೆ ಬಂದಮೇಲೆ ಅತಿಥಿಯ ಗತಿಯೇನು, ಆತಿಥ್ಯದ ಗತಿಯೇನು ಎಂಬುದೇ ಆ ಪ್ರಶ್ನೆ.

ಮೊದಲು ವೆನಿಸ್ಸಿನ ವೃತ್ತಾಂತ. ಇಟಲಿ ದೇಶದ ಈಶಾನ್ಯದಲ್ಲಿ, ಆಡ್ರಿಯಾಟಿಕ್ ಸಮುದ್ರದ ಆಳವಿಲ್ಲದ ಹಿನ್ನೀರಿನ ನಡುವೆ, ನೂರಕ್ಕೂ ಮಿಕ್ಕ ಕಿರುದ್ವೀಪಗಳ ಮೇಲೆ ಈ ನಗರವು ಕಟ್ಟಲ್ಪಟ್ಟಿದೆ. ಕೆಸರಿನಲ್ಲಿ ಮರದ ಗೂಟಗಳನ್ನು ಒತ್ತೊತ್ತಾಗಿ ನೆಟ್ಟು, ಅವುಗಳ ಮೇಲೆ ಕಲ್ಲು ಹಾಸಿ ಮನೆಗಳನ್ನು ಎಬ್ಬಿಸಿದರು. ಕಾಲುವೆಗಳೇ ಅಲ್ಲಿಯ ರಾಜಬೀದಿಗಳು. ಅವನ್ನು ದಾಟಲು ೪೦೦ಕ್ಕೂ ಹೆಚ್ಚು ಸೇತುವೆಗಳುಂಟು. ನಮ್ಮ ಸೀಮೆಯ ಹುಲ್ಲಹಳ್ಳಿ, ರಾಂಪುರ ನಾಲೆಗಳು ಕಪಿಲೆಯ ನೀರನ್ನು ಗದ್ದೆಗೆ ಮುಟ್ಟಿಸುವುದಕ್ಕೆ ಇರತಕ್ಕವು; ವೆನಿಸ್ಸಿನ ಕಾಲುವೆಗಳಾದರೋ ಮನುಷ್ಯನನ್ನು ಮನೆಯ ಬಾಗಿಲಿಗೆ ಮುಟ್ಟಿಸುವುದಕ್ಕೆ. ಸುಮಾರು ಸಾವಿರ ವರ್ಷ ಆ ಊರು ವಂಶಪಾರಂಪರ್ಯದ ಅರಸರಿಲ್ಲದೆ, ಡೋಜ್ ಎಂಬ ಚುನಾಯಿತ ಅಧಿಪತಿಯ ಕೈಕೆಳಗೆ ಬಾಳಿತು. ೧೭೯೭ನೆಯ ಇಸವಿ ಮೇ ತಿಂಗಳಲ್ಲಿ ನೆಪೋಲಿಯನ್ನನ ಸೇನೆಗೆ ಹೆದರಿ ಆ ಗಣರಾಜ್ಯವು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಎರಡೇ ವರ್ಷಗಳ ತರುವಾಯ, ೧೭೯೯ರ ಅದೇ ಮೇ ತಿಂಗಳಲ್ಲಿ, ನಮ್ಮ ಶ್ರೀರಂಗಪಟ್ಟಣವೂ ಬಿದ್ದಿತು. ನೀರಿನಿಂದ ಸುತ್ತುವರಿದ ಎರಡು ರಾಜಧಾನಿಗಳೂ ಹೀಗೆ ಒಂದೇ ಕಾಲದಲ್ಲಿ ತಮ್ಮ ಪ್ರಭುತ್ವವನ್ನು ಕಳೆದುಕೊಂಡವು.

ವರ್ತಕರ ಊರಾದುದರಿಂದ ವೆನಿಸ್ಸಿಗೆ ಪರದೇಶದವರು ಬರುತ್ತಲೇ ಇದ್ದರು. ಅವರ ವಸತಿಗಾಗಿ ಗಣರಾಜ್ಯವೇ ಏರ್ಪಾಡು ಮಾಡಿದ್ದಿತು. ಜರ್ಮನ್ ವರ್ತಕರ ತಂಗುಮನೆಯು ೧೨೨೮ರಷ್ಟು ಹಿಂದಿನದು. ೧೫೦೫ರಲ್ಲಿ ಬೆಂಕಿಗೆ ಆಹುತಿಯಾಗಿ, ೧೫೦೮ರ ಹೊತ್ತಿಗೆ ಮತ್ತೆ ಕಟ್ಟಲ್ಪಟ್ಟಿತು. ೧೬೨೧ರಲ್ಲಿ ತುರ್ಕಿಯ ವರ್ತಕರಿಗೂ ಅಂಥದೇ ಮನೆಯೊಂದು ದೊರೆಯಿತು. ಕೆಳಗೆ ಸರಕು, ಮೇಲೆ ಸರದಾರ ಎಂಬಂತೆ ಅಲ್ಲಿ ವ್ಯಾಪಾರವೂ ವಾಸವೂ ಒಂದೇ ಸೂರಿನಡಿಯಲ್ಲಿ ನಡೆಯುತ್ತಿದ್ದಿತು. ಈ ಮನೆಗಳಿಗೆ ಫೊಂದಾಕೊ ಎಂದು ಹೆಸರು. ಆ ಶಬ್ದವು ಅರಬ್ಬೀ ಭಾಷೆಯ ಫುಂದುಕ್, ಎಂದರೆ ಪಯಣಿಗರ ಮನೆ, ಎಂಬುದರಿಂದ ಬಂದುದು. ನಮ್ಮಲ್ಲಿಯೂ ಸತ್ರವೆಂದರೆ ಮೊದಲು ದೀರ್ಘಕಾಲ ನಡೆಯುವ ಯಜ್ಞ. ಬಳಿಕ ಅನ್ನದಾನದ ಶಾಲೆ. ಶಬ್ದಗಳ ಈ ಯಾತ್ರೆಯನ್ನು ನೋಡಿದರೆ, ಪರಸ್ಥಳದವನನ್ನು ತಂಗಿಸಿಕೊಳ್ಳುವುದು ಒಂದೆಡೆ ವ್ಯಾಪಾರದ ಅಂಗವಾಗಿಯೂ ಇನ್ನೊಂದೆಡೆ ಧರ್ಮದ ಅಂಗವಾಗಿಯೂ ಬೆಳೆಯಿತೆಂದು ತಿಳಿಯುವುದು.

ಪ್ರಭುತ್ವ ಹೋದಮೇಲೆ ವೆನಿಸ್ಸು ಆಸ್ಟ್ರಿಯದವರ ಆಳ್ವಿಕೆಗೆ ಬಂದಿತು. ಅವರ ಕಾಲದಲ್ಲಿಯೇ, ೧೮೪೧ರಿಂದ ೧೮೪೬ರವರೆಗೆ, ಹಿನ್ನೀರಿನ ಮೇಲೆ ರೈಲಿನ ಸೇತುವೆ ಕಟ್ಟಲ್ಪಟ್ಟಿತು. ಅದರ ಉದ್ದ ಮೂರೂವರೆ ಕಿಲೋಮೀಟರಿಗೂ ಹೆಚ್ಚು, ಕಮಾನುಗಳು ೨೨೨. ಅಲ್ಲಿಯವರೆಗೆ ದೋಣಿಯಿಲ್ಲದೆ ಯಾರೂ ಆ ಊರನ್ನು ಸೇರುವಂತಿರಲಿಲ್ಲ. ಮೂರೇ ವರ್ಷಗಳಲ್ಲಿ, ೧೮೪೯ರಲ್ಲಿ, ಆಸ್ಟ್ರಿಯದವರ ವಿರುದ್ಧ ದಂಗೆಯೆದ್ದಿದ್ದ ಊರಿನವರು ಮುತ್ತಿಗೆಯ ನಡುವೆ ಆ ಸೇತುವೆಯ ಕೆಲವು ಕಮಾನುಗಳನ್ನು ತಾವೇ ಸಿಡಿಸಬೇಕಾಯಿತು. ಮಿತ್ರನನ್ನು ಕರೆತರುವ ದಾರಿಯೇ ಶತ್ರುವನ್ನೂ ಕರೆತರಬಲ್ಲುದೆಂಬುದಕ್ಕೆ ಇದು ನಿದರ್ಶನ. ಮುಂದೆ ೧೮೬೧ರಲ್ಲಿ ರೈಲ್ವೆ ನಿಲ್ದಾಣವನ್ನು ಕಟ್ಟುವುದಕ್ಕಾಗಿ ಲೂಸಿಯಾ ಎಂಬ ಸಂತಳ ದೇವಾಲಯವನ್ನು ಕೆಡವಿ, ಆಕೆಯ ಅವಶೇಷಗಳನ್ನು ನೆರೆಯ ದೇವಾಲಯಕ್ಕೆ ಸಾಗಿಸಿದರು. ನಿಲ್ದಾಣಕ್ಕೆ ಮಾತ್ರ ಇಂದಿಗೂ ಸಾಂತಾ ಲೂಸಿಯಾ ಎಂದೇ ಹೆಸರು.

ಮಿಲಾನ್ ನಗರದಿಂದ ವೆನಿಸ್ಸಿಗೆ ೧೮೫೭ರಲ್ಲಿ ರೈಲುದಾರಿ ಸಂಪೂರ್ಣವಾಯಿತು. ಆತುರವಿಲ್ಲದ ಪ್ರಯಾಣಿಕನಿಗೆ ಇದರಂಥ ದಾರಿ ಅಪೂರ್ವ. ಗಾಡಿಯು ಸಮತಟ್ಟಾದ ಹೊಲಗಳನ್ನು ಹಾದು, ದಡದ ಮೆಸ್ತ್ರೆ ಎಂಬ ನಿಲ್ದಾಣವನ್ನು ಬಿಟ್ಟಮೇಲೆ, ಎರಡು ಪಕ್ಕಗಳಲ್ಲಿಯೂ ನೀರಲ್ಲದೆ ಬೇರೊಂದು ಕಾಣಿಸದು. ನಿಲ್ದಾಣದ ಬಾಗಿಲನ್ನು ದಾಟಿದ ಕೂಡಲೆ ಎದುರಿಗೆ ಹಿರಿಯ ಕಾಲುವೆ. ಬಂಡಿಯ ಬದಲು ದೋಣಿ. ೧೮೮೧ರಿಂದ ಉಗಿದೋಣಿಗಳೂ ಸಂಚರಿಸಲಾರಂಭಿಸಿದವು. ನಮ್ಮ ಮೈಸೂರು ಸಂಸ್ಥಾನವು ಒಡೆಯರ ಕೈಗೆ ಮರಳಿ ಬಂದುದೂ ಅದೇ ವರ್ಷ. ಉಳಿಯುವುದಕ್ಕೆ ಹಳೆಯ ಸರದಾರರ ಮನೆಗಳೇ ಹೋಟೆಲುಗಳಾಗಿದ್ದವು. ದಾಂದೊಲೊ ಮನೆತನದವರ ೧೪ನೆಯ ಶತಮಾನದ ಸೌಧವನ್ನು ೧೮೨೨ರಲ್ಲಿ ದಾಲ್ ನಿಯೆಲ್ ಎಂಬವನು ಬಾಡಿಗೆಗೆ ಹಿಡಿದು ಹೋಟೆಲನ್ನಾಗಿ ಮಾಡಿದನು. ಅದೇ ದಾನಿಯೇಲಿ ಎಂದು ಪ್ರಸಿದ್ಧವಾಯಿತು. ವೆನಿಸ್ಸಿನ ಕಲ್ಲುಗಳನ್ನು ಕುರಿತು ಮೂರು ಸಂಪುಟಗಳ ಗ್ರಂಥವನ್ನು ಬರೆದ ಜಾನ್ ರಸ್ಕಿನ್ ಪಂಡಿತನು ೧೮೪೯-೫೦ರ ಚಳಿಗಾಲದಲ್ಲಿ ತಂಗಿದ್ದುದು ಅಲ್ಲಿಯೇ. ಕಂಬಕಂಬವನ್ನೂ ಅಳೆದು, ಚಿತ್ರ ಬರೆದುಕೊಂಡು, ಅವನು ತಿಂಗಳುಗಟ್ಟಲೆ ಆ ಊರಿನಲ್ಲಿ ಇದ್ದನು. ಒಂದು ದಿನದ ದರ್ಶನದಿಂದ ಅಂಥ ಗ್ರಂಥ ಹುಟ್ಟಲಾರದೆಂಬುದು ಸ್ಪಷ್ಟ.

ಇನ್ನು ನಮ್ಮ ಕಡೆಗೆ ಬರೋಣ. ನಂಜನಗೂಡಿನ ಬಳಿ ಕಪಿಲೆಗೆ ಅಡ್ಡಲಾಗಿ ಕಮಾನುಗಳ ಸೇತುವೆಯೊಂದನ್ನು ೧೭೩೫ರಲ್ಲಿ, ಇಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಕಳಲೆ ಮನೆತನದ ದಳವಾಯಿ ದೇವರಾಜಯ್ಯನು ಕಟ್ಟಿಸಿದನು. ಕಳಲೆಯೂ ನಂಜನಗೂಡಿನ ಮಗ್ಗುಲಿನ ಊರೇ. ಸೇತುವೆಯನ್ನು ಕಟ್ಟಿದುದು ಕಾಲಾಳು, ಕುದುರೆ, ಎತ್ತಿನ ಬಂಡಿ, ದೇವರ ಉತ್ಸವ ಇವುಗಳಿಗಾಗಿ. ಲೋಕದ ಮೊದಲ ಸಾರ್ವಜನಿಕ ಉಗಿಬಂಡಿಯ ಮಾರ್ಗವು ಇಂಗ್ಲೆಂಡಿನಲ್ಲಿ ತೆರೆದುದು ೧೮೨೫ರಲ್ಲಿ. ಎಂದರೆ ಈ ಸೇತುವೆಗೆ ಆಗಲೇ ೯೦ ವರ್ಷ ವಯಸ್ಸು. ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದುದು ೧೮೮೨ರಲ್ಲಿ. ೧೮೭೬-೭೮ರ ಘೋರಕ್ಷಾಮದಲ್ಲಿ ಹಸಿದವರಿಗೆ ಕೂಲಿ ಕೊಡುವುದಕ್ಕಾಗಿ ಆರಂಭವಾದ ಕಾಮಗಾರಿಯದು. ೧೮೯೧ರಲ್ಲಿ ಮಾರ್ಗವು ನಂಜನಗೂಡಿನವರೆಗೆ, ಸುಮಾರು ೧೫ ಮೈಲಿ, ಮುಂದುವರಿಯಿತು. ಹಳಿಗಳನ್ನು ಹೊಳೆ ದಾಟಿಸುವ ಪ್ರಸಂಗ ಬಂದಾಗ ದಳವಾಯಿಯ ಸೇತುವೆಯೇ ಅವುಗಳಿಗೂ ಹೆಗಲು ಕೊಟ್ಟಿತು. ಬಂಡಿಯೂ ರೈಲೂ ಒಂದೇ ಸೇತುವೆಯ ಮೇಲೆ ಅಕ್ಕಪಕ್ಕದಲ್ಲಿ ಸಾಗಿದವು. ೧೯೨೬ರಲ್ಲಿ ಮಾರ್ಗವು ಚಾಮರಾಜನಗರವನ್ನು ಮುಟ್ಟಿತು. ಈ ಶತಮಾನದ ಮೊದಲ ದಶಕದಲ್ಲಿ ಹಳಿಗಳನ್ನು ಅಗಲಗೊಳಿಸಿದಾಗ ಪಕ್ಕದಲ್ಲಿ ಹೊಸ ಸೇತುವೆ ಎದ್ದಿತು; ಮುದುಕನಿಗೆ ವಿಶ್ರಾಂತಿ ದೊರೆಯಿತು.

ರೈಲು ಬರುವುದಕ್ಕೆ ಮುಂಚೆ ನಂಜನಗೂಡಿನ ಯಾತ್ರೆ ಹೇಗಿದ್ದಿತೆಂಬುದನ್ನು ಮರೆಯಲಾಗದು. ತಗಡೂರು ರಾಮಚಂದ್ರರಾಯರ ಖಾದಿಕಾರ್ಯದಿಂದ ಹೆಸರಾದ ನಮ್ಮ ತಗಡೂರಿನಂಥ ಊರುಗಳಿಂದಲೂ, ತಿರುಮಕೂಡಲಿನ ಸಂಗಮದ ಕಡೆಯಿಂದಲೂ ಭಕ್ತರು ಎತ್ತಿನ ಬಂಡಿಯಲ್ಲಿಯೋ ಕಾಲುನಡಗೆಯಿಂದಲೋ ಬರುವರು. ಬುತ್ತಿ, ಪಾತ್ರೆ, ಮಕ್ಕಳುಮರಿ ಎಲ್ಲವೂ ಜೊತೆಯಲ್ಲಿಯೇ. ಬಂದವರು ಛತ್ರದಲ್ಲಿ ಇಳಿದು, ಹೊಳೆಯಲ್ಲಿ ಮಿಂದು, ಮುಡಿ ಕೊಟ್ಟು, ಉರುಳುಸೇವೆ ಸಲ್ಲಿಸಿ ದಿನಗಟ್ಟಲೆ ಉಳಿಯುವರು. ರೋಗಪರಿಹಾರಕ್ಕಾಗಿ ಬಂದವರು ಇನ್ನೂ ಹೆಚ್ಚು ದಿನ. ಉಳಿದವನು ಊರನ್ನು ಅರಿಯುವನು. ಊರೂ ಅವನನ್ನು ಅರಿಯುವುದು. ಹೂವಿನವಳು, ಪಾತ್ರೆಯ ಅಂಗಡಿಯವನು, ರಸಬಾಳೆಯ ತೋಟದವನು, ಅರ್ಚಕ, ವೈದ್ಯ ಇವರೆಲ್ಲರ ಜೀವನವೂ ಆ ಉಳಿವಿನ ಮೇಲೆಯೇ ನಿಂತಿದ್ದಿತು.

ರೈಲು ಬಂದುದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಮುದುಕರು, ರೋಗಿಗಳು, ಬಡವರು, ಇವರಿಗೆ ಸ್ವಾಮಿಯ ದರ್ಶನ ಸುಲಭವಾಯಿತು. ದೊಡ್ಡ ಜಾತ್ರೆಯ ಐದು ತೇರುಗಳನ್ನು ದೂರದವರೂ ಕಾಣುವಂತಾಯಿತು. ಆದರೆ ಬೆಳಗಿನ ಗಾಡಿಯಲ್ಲಿ ಬಂದು ಸಂಜೆಯ ಗಾಡಿಯಲ್ಲಿ ಹಿಂದಿರುಗುವುದು ಸಾಧ್ಯವಾದಮೇಲೆ ತಂಗುವವರ ಸಂಖ್ಯೆ ತಗ್ಗಿತು. ಅನಂತರ ಬಂದ ಮೋಟಾರು ಆ ಕೆಲಸವನ್ನು ಪೂರ್ಣಗೊಳಿಸಿತು. ಅತಿಥಿ ಎಂಬ ಶಬ್ದಕ್ಕೆ ತಿಥಿಯ ನಿಯಮವಿಲ್ಲದವನೆಂದು ನಮ್ಮ ಪಂಡಿತರು ಅರ್ಥ ಹೇಳುವುದುಂಟು. ರೈಲು ಬಂದಮೇಲೆ ಅವನಿಗೆ ತಿಥಿಯಷ್ಟೇ ಅಲ್ಲ, ಗಂಟೆ ನಿಮಿಷಗಳೂ ನಿಶ್ಚಯವಾದವು.

ಆದರೂ ಪೂರ್ವಿಕರು ರೈಲಿನ ಕಾಲಕ್ಕೆ ತಕ್ಕ ಆತಿಥ್ಯವನ್ನು ಕಟ್ಟಲು ಹಿಂಜರಿಯಲಿಲ್ಲ. ಗುಬ್ಬಿ ತೋಟದಪ್ಪನವರೆಂಬ ವರ್ತಕರು ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿಯಲ್ಲಿ ೧೯೦೩ರಲ್ಲಿ ತೆರೆಯಿಸಿದ ಧರ್ಮಛತ್ರವು ಎಷ್ಟೋ ಪಯಣಿಗರಿಗೆ ನೆರಳಾಯಿತು. ಅದರ ಜೊತೆಗೆ ವಿದ್ಯಾರ್ಥಿಗಳಿಗೂ ಅನ್ನ ವಸತಿಗಳು ದೊರೆತವು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಐರೋಪ್ಯ ಅತಿಥಿಗಳಿಗಾಗಿ ೧೯೨೧ರಲ್ಲಿ ಲಲಿತಮಹಲಿಗೆ ಅಸ್ತಿಭಾರ ಹಾಕಿದರು. ೧೯೭೪ರಲ್ಲಿ ಆ ಅರಮನೆಯೂ ವೆನಿಸ್ಸಿನ ಸೌಧದಂತೆಯೇ ಹೋಟೆಲಾಯಿತು. ಇಲ್ಲಿ ಒಂದು ಶಬ್ದವಿಚಾರವನ್ನು ಹೇಳಬೇಕು. ಪಾಶ್ಚಾತ್ಯರಲ್ಲಿ ಹೋಟೆಲೆಂದರೆ ಮುಖ್ಯವಾಗಿ ಮಲಗುವ ಸ್ಥಳ. ನಮ್ಮ ಕನ್ನಡದಲ್ಲಿ ಹೋಟೆಲೆಂದರೆ ಇಡ್ಲಿ ಕಾಫಿಗಳ ಸ್ಥಳ. ಇದು ಅಜ್ಞಾನದಿಂದ ಆದುದಲ್ಲವೆಂದು ನನಗೆ ತೋರುತ್ತದೆ. ಮಲಗುವುದಕ್ಕೆ ಛತ್ರವೆಂಬ ಶಬ್ದವೂ ಛತ್ರವೆಂಬ ಕಟ್ಟಡವೂ ನಮ್ಮಲ್ಲಿ ಆಗಲೇ ಇದ್ದುದರಿಂದ, ಹೊಸ ಶಬ್ದಕ್ಕೆ ಉಳಿದುದು ಊಟದ ಅರ್ಥವೊಂದೇ. ಛತ್ರವೆಂದರೆ ಮದುವೆಯ ಬಾಡಿಗೆ ಮನೆ ಎಂದೇ ಈಗಿನ ಬಾಲಕರು ತಿಳಿದಿರುವುದನ್ನು ನೋಡಿದರೆ, ಶಬ್ದದೊಡನೆ ಒಂದು ಧರ್ಮವೂ ಜಾರುತ್ತಿದೆಯೆಂದು ವ್ಯಸನವಾಗುವುದು.

ವೆನಿಸ್ಸಿನ ಈಚಿನ ಸ್ಥಿತಿ ಇದಕ್ಕೆ ಎಚ್ಚರಿಕೆಯಂತಿದೆ. ೧೯೫೧ರ ವೇಳೆಗೆ ಆ ಹಳೆಯ ನಗರದ ನಿವಾಸಿಗಳು ಸುಮಾರು ೧,೭೫,೦೦೦. ೨೦೨೨ರಲ್ಲಿ ಆ ಸಂಖ್ಯೆ ೫೦,೦೦೦ಕ್ಕಿಂತ ಕೆಳಗಿಳಿಯಿತು. ನೋಡಲು ಬರುವವರು ಹೆಚ್ಚಿದರು, ಬಾಳುವವರು ಕಡಮೆಯಾದರು. ಮನೆಗಳು ಬಾಡಿಗೆಯ ಕೋಣೆಗಳಾದವು. ದಿನಸಿಯ ಅಂಗಡಿಗಳಿದ್ದೆಡೆ ಆಟದ ಸಾಮಾನಿನ ಅಂಗಡಿಗಳು ಬಂದವು. ಕಡೆಗೆ ೨೦೨೪ರ ಏಪ್ರಿಲ್ ೨೫ರಿಂದ, ಜನಸಂದಣಿಯ ಗೊತ್ತಾದ ದಿನಗಳಲ್ಲಿ, ಹಗಲು ಬಂದು ಹಗಲೇ ಹೋಗುವವರಿಗೆ ೫ ಯೂರೊ ಪ್ರವೇಶಶುಲ್ಕವನ್ನು ವಿಧಿಸಲಾಯಿತು. ರಾತ್ರಿ ತಂಗುವವರಿಗೆ ಆ ಶುಲ್ಕವಿಲ್ಲ. ಅವರು ವಸತಿಯೊಡನೆ ಬೇರೆ ತೆರಿಗೆಯನ್ನು ತೆರುತ್ತಾರೆ. ಒಂದು ರಾತ್ರಿ ತಂಗುವವನೇ ಅತಿಥಿಯೆಂದು ಮನುಸ್ಮೃತಿಯು ಹೇಳುತ್ತದೆ. ಆ ಸ್ಮೃತಿಯನ್ನು ಎಂದೂ ಓದದ ವೆನಿಸ್ಸಿನ ಪೌರಸಭೆಯು ಅದೇ ಲಕ್ಷಣವನ್ನು ಹಿಡಿದು ಅತಿಥಿಗೂ ಹಾದುಹೋಕನಿಗೂ ಭೇದ ಕಲ್ಪಿಸಿರುವುದು ಸೋಜಿಗವಲ್ಲವೆ?

ನಮ್ಮ ಕ್ಷೇತ್ರದಲ್ಲಿ ಭಕ್ತರಿಂದ ಅಂಥ ಶುಲ್ಕವನ್ನು ಕೇಳಬೇಕೆಂದು ಯಾರೂ ಹೇಳಲಾರರು, ಕೇಳುವುದೂ ಸಲ್ಲದು. ಆದರೆ ತಂಗುವುದಕ್ಕೆ ಅನುಕೂಲವನ್ನು ಕಲ್ಪಿಸುವುದು ನಮ್ಮ ಕೈಯಲ್ಲಿದೆ. ನಂಜನಗೂಡು, ತಿರುಮಕೂಡಲು, ತಲಕಾಡುಗಳಲ್ಲಿ ಉಳಿದಿರುವ ಹಳೆಯ ಛತ್ರಗಳು ಎಷ್ಟು, ಅವುಗಳನ್ನು ಕಟ್ಟಿಸಿದವರು ಯಾರು, ದತ್ತಿಯ ನಿಬಂಧನೆಗಳೇನು ಎಂಬುದನ್ನು ನಮ್ಮ ಜಿಲ್ಲೆಯ ವಿದ್ಯಾರ್ಥಿಗಳು ಕಾಗದಪತ್ರಗಳಿಂದಲೂ ಶಿಲಾಲೇಖಗಳಿಂದಲೂ ಬರೆದಿಡಬೇಕು. ದಳವಾಯಿಯ ಸೇತುವೆಯ ಬಿರುಕುಗಳಲ್ಲಿ ಅರಳಿಯ ಸಸಿಗಳು ಬೇರೂರದಂತೆ ಕಾಯಬೇಕು. ಸಮಯವುಳ್ಳವರು ಮೈಸೂರಿನಿಂದ ಮೋಟಾರನ್ನು ಬಿಟ್ಟು ರೈಲನ್ನೇರಿ, ಕಡಕೊಳ ತಾಂಡವಪುರಗಳನ್ನು ಹಾದು, ಹೊಸ ಸೇತುವೆಯ ಮೇಲಿನಿಂದ ಹಳೆಯದನ್ನು ನೋಡುತ್ತ ಬರಲಿ. ಬಂದು ಒಂದು ರಾತ್ರಿ ತಂಗಲಿ. ಹೊಳೆಯ ಮೇಲೆ ಬೆಳಗಾಗುವುದನ್ನು ಸಂಜೆಯ ಗಾಡಿಗೆ ಹಿಂದಿರುಗುವವರು ಕಾಣಲಾರರು.