ಬೊಗೊಟಾದ ಭಾನುವಾರಗಳು

1990ರ ದಶಕದ ನಡುವಿನ ಹೊತ್ತಿಗೆ ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ ವಾಹನಗಳ ಕಾಟ ವಿಪರೀತಕ್ಕೆ ಹೋಗಿತ್ತು. ಸಮುದ್ರಮಟ್ಟದಿಂದ 2,600 ಮೀಟರ್ ಎತ್ತರದಲ್ಲಿರುವ ಊರು. ಪೂರ್ವಕ್ಕೆ ಬೆಟ್ಟಸಾಲು ಅಡ್ಡ ನಿಂತಿದ್ದರಿಂದ ಬೆಳೆಯುವುದೇನಿದ್ದರೂ ಉಳಿದ ದಿಕ್ಕುಗಳಿಗೆ. ಹಳ್ಳಿಗಾಡಿನ ಹಿಂಸೆಗೆ ಹೆದರಿ ಬಂದವರು ದಕ್ಷಿಣ, ನೈರುತ್ಯದ ಅಂಚುಗಳಲ್ಲಿ ನೆಲೆ ಕಂಡುಕೊಂಡಿದ್ದರು. ಜಪಾನಿನ ನೆರವು ಸಂಸ್ಥೆ ಜೈಕಾ ಈ ನಗರಕ್ಕೆಂದು ಸಾರಿಗೆ ಯೋಜನೆಯೊಂದನ್ನು ಸಿದ್ಧಪಡಿಸಿತು. ಅದರಲ್ಲಿ ಎತ್ತರಿಸಿದ ಹೆದ್ದಾರಿಗಳಿಗೆ ದೊಡ್ಡ ಪಾಲಿತ್ತು. 1998ರಲ್ಲಿ ಮೇಯರ್ ಆದ ಎನ್ರಿಕೆ ಪೆನ್ಯಾಲೊಸಾ ಆ ಮೇಲ್ರಸ್ತೆಗಳನ್ನು ಬದಿಗೆ ಸರಿಸಿ ಫುಟ್‌ಪಾತು, ಸೈಕಲ್ ದಾರಿ, ಬಸ್ಸು, ಶಾಲೆ, ಗ್ರಂಥಾಲಯಗಳಿಗೆ ಹಣ ಹಾಕಿದರು.

ಹೊರಗಿನವರಿಗೆ ಇದು ಒಬ್ಬ ಮೇಯರ್‌ನ ಹಟದಂತೆ ಕಂಡಿತು. ಆದರೆ ಸೈಕಲ್ಲಿಗೆ ರಸ್ತೆ ಬಿಟ್ಟುಕೊಡುವ ರೂಢಿ ಊರಿಗೆ ಅಷ್ಟರಲ್ಲಿ ಎರಡು ದಶಕಗಳಿಗೂ ಹಳೆಯದಾಗಿತ್ತು.

ಕೊಲಂಬಿಯಾದವರಿಗೆ ಸೈಕಲ್ ಹುಚ್ಚು ಹತ್ತಿದ್ದು ರೇಸಿನಿಂದ. 1951ರಲ್ಲಿ ಶುರುವಾದ 'ವುಯೆಲ್ಟಾ ಎ ಕೊಲಂಬಿಯಾ' ಆಂಡೀಸ್ ಬೆಟ್ಟಗಳ ಕಚ್ಚಾ ರಸ್ತೆಗಳಲ್ಲಿ ನಡೆಯುತ್ತಿತ್ತು. ಮೊದಲ ವರ್ಷವೇ ಗೆದ್ದವನು ಬೊಗೊಟಾಕ್ಕೆ ಹತ್ತಿರದ ಸಿಪಾಕಿರಾ ಊರಿನ ಎಫ್ರಾಯಿನ್ ಫೊರೆರೊ. ರೇಸಿನ ವೀರರನ್ನು ಹೊತ್ತು ಮೆರೆಸುತ್ತಿದ್ದ ಅದೇ ರಾಜಧಾನಿಯಲ್ಲಿ ಸೈಕಲ್ ತುಳಿದು ಕೆಲಸಕ್ಕೆ ಹೋಗುವವನಿಗೆ ಮಾತ್ರ ಜಾಗವಿರಲಿಲ್ಲ. 1974ರ ಡಿಸೆಂಬರ್ 15ರಂದು, ವಾಸ್ತುಶಿಲ್ಪಿ ಹೈಮೆ ಒರ್ಟಿಸ್ ಮರಿನ್ಯೊ ಮತ್ತು ಗೆಳೆಯರ ಗುಂಪು ಏಳು ಮತ್ತು ಹದಿಮೂರನೇ ಕರೇರಾ ಎಂಬ ಎರಡು ಮುಖ್ಯರಸ್ತೆಗಳನ್ನು ಕೆಲವು ಗಂಟೆ ಮೋಟಾರು ವಾಹನಗಳಿಗೆ ಮುಚ್ಚಿಸಿತು. ಸಾವಿರಾರು ಜನ ಸೈಕಲ್ ಏರಿ ಬಂದರು. ಕಾರಿನ ಹೊಗೆಗೆ, ಆಡಲು ಜಾಗವಿಲ್ಲದ ನಗರಕ್ಕೆ ತೋರಿದ ಪ್ರತಿಭಟನೆಯದು. 1976ರಲ್ಲಿ ನಗರಾಡಳಿತ ಆದೇಶ ಹೊರಡಿಸಿ ಅದಕ್ಕೆ ಅಧಿಕೃತ ಮುದ್ರೆ ಒತ್ತಿತು. ಭಾನುವಾರ ರಸ್ತೆಗಳನ್ನು ಸೈಕಲ್ಲಿಗೆ ಬಿಟ್ಟುಕೊಡುವ 'ಸಿಕ್ಲೊವಿಯಾ' ಹೀಗೆ ಊರಿನ ಪದ್ಧತಿಯಾಯಿತು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅದು ಸೊರಗಿತು. ಮತ್ತೆ ಮೈದುಂಬಿಕೊಂಡಿದ್ದು 1995ರ ನಂತರ, ಆಂಟಾನಸ್ ಮೋಕಸ್ ಮೇಯರ್ ಆಗಿದ್ದಾಗ. ಗಣಿತ, ತತ್ತ್ವಶಾಸ್ತ್ರ ಓದಿಕೊಂಡಿದ್ದ ಈ ಮೇಷ್ಟ್ರು ಜೀಬ್ರಾ ಪಟ್ಟೆಯ ಮೇಲೆ ಕಾರು ನಿಲ್ಲಿಸುವವರನ್ನು ಅಣಕಿಸಲು ಮುಖಕ್ಕೆ ಬಿಳಿ ಬಣ್ಣ ಬಳಿದ ಮೂಕಾಭಿನಯ ಕಲಾವಿದರನ್ನು ಬೀದಿಗಿಳಿಸಿದರು. ದಂಡಕ್ಕೆ ಜಗ್ಗದ ಚಾಲಕರು ನಗೆಪಾಟಲಾಗುವುದಕ್ಕೆ ಅಂಜಿದರು. ಅದೇ ಕಾಲದಲ್ಲಿ ಉದ್ಯಾನ ಮತ್ತು ಕ್ರೀಡಾ ಇಲಾಖೆಯ ಹೊಣೆ ಹೊತ್ತಿದ್ದ ಗಿಯೆರ್ಮೊ ಪೆನ್ಯಾಲೊಸಾ, ಎನ್ರಿಕೆಯ ಸಹೋದರ, ಭಾನುವಾರದ ದಾರಿಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದರು. ಜಾಲ ನೂರು ಕಿ.ಮೀ. ದಾಟಿತು.

ಇವತ್ತಿಗೂ ಭಾನುವಾರ ಮತ್ತು ರಜಾದಿನಗಳಲ್ಲಿ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಈ ಜಾತ್ರೆ ನಡೆಯುತ್ತದೆ. ಸಮವಸ್ತ್ರದ ಕಾರ್ಯಕರ್ತರು ಅಡ್ಡಗಟ್ಟೆ ಇಟ್ಟು, ಅಡ್ಡರಸ್ತೆಗಳಲ್ಲಿ ವಾಹನ ತಡೆದು ಬಿಡುತ್ತಾರೆ. ದಾರಿ ಬದಿಯಲ್ಲಿ ಪಂಪು, ಪಂಕ್ಚರ್ ಸಾಮಾನು ಹರಡಿಕೊಂಡು ಮೆಕ್ಯಾನಿಕ್‌ಗಳು ಕೂತಿರುತ್ತಾರೆ. ಪಕ್ಕದಲ್ಲೇ ಕಿತ್ತಳೆ ರಸ, ಜೋಳದ ಅರೇಪಾ ರೊಟ್ಟಿ. ಉದ್ಯಾನಗಳಲ್ಲಿ ವೇದಿಕೆ ಹತ್ತಿದ ತರಬೇತುದಾರರ ತಾಳಕ್ಕೆ ಅಜ್ಜಿಯರೂ ಹೆಜ್ಜೆ ಹಾಕುತ್ತಾರೆ.

ಎನ್ರಿಕೆ ಪೆನ್ಯಾಲೊಸಾ ಮೇಯರ್ ಆದಾಗ, ರಸ್ತೆಯನ್ನು ಜನರಿಗೆ ಬಿಟ್ಟುಕೊಡುವ ಈ ರೂಢಿಯನ್ನು ವಾರದ ಉಳಿದ ದಿನಗಳಿಗೂ ತರಲು ಹೊರಟರು. ಫುಟ್‌ಪಾತಿನ ಮೇಲೆ ಕಾರು ಹತ್ತದಂತೆ ಗಿಡ್ಡ ಕಂಬಗಳನ್ನು ನೆಡಿಸಿದಾಗ ಅಂಗಡಿಯವರು ರೊಚ್ಚಿಗೆದ್ದರು. ಮೇಯರನ್ನು ಹುದ್ದೆಯಿಂದ ಇಳಿಸಲು ಸಹಿ ಸಂಗ್ರಹವೂ ನಡೆಯಿತು. ಅವರು ಬಗ್ಗಲಿಲ್ಲ. ಮೂರು ವರ್ಷದ ಅವಧಿಯಲ್ಲಿ ಸುಮಾರು 200 ಕಿ.ಮೀ. 'ಸಿಕ್ಲೊರುಟಾ' ಎಂಬ ಕಾಯಂ ಸೈಕಲ್ ದಾರಿಗಳು ಬಂದವು. ಬಡವರ ಬಡಾವಣೆಗಳಾದ ಬೋಸಾ, ಕೆನಡಿಗಳ ನಡುವೆ ಹಾಯುವ 17 ಕಿ.ಮೀ.ಯ 'ಅಲಮೇಡಾ ಎಲ್ ಪೋರ್ವೆನಿರ್' ಇವುಗಳಲ್ಲಿ ಹೆಸರುವಾಸಿ. ಅಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಅಚ್ಚುಕಟ್ಟಾದ ನೆಲಹಾಸು ಮೊದಲು ಬಂತು. ಕಾರು ಓಡಾಡುವ ಪಕ್ಕದ ರಸ್ತೆಗಳು ಕೆಸರಿನಲ್ಲೇ ಉಳಿದಿದ್ದವು. 2000ದ ಫೆಬ್ರವರಿ 24ರಂದು ಇಡೀ ನಗರ ಖಾಸಗಿ ಕಾರಿಲ್ಲದೆ ಒಂದು ದಿನ ಕಳೆಯಿತು. ಅಕ್ಟೋಬರಿನ ಜನಮತಗಣನೆಯಲ್ಲಿ ಮತದಾರರು ಇದು ಪ್ರತಿವರ್ಷವೂ ಇರಲಿ ಎಂದರು.

ಯೋಜನೆಯಲ್ಲಿ ಎಡವಟ್ಟುಗಳಿಗೆ ಕೊರತೆಯಿರಲಿಲ್ಲ. ಬಹಳಷ್ಟು ಸಿಕ್ಲೊರುಟಾಗಳನ್ನು ಫುಟ್‌ಪಾತಿನಲ್ಲೇ ಗೆರೆ ಎಳೆದು ಮಾಡಿದ್ದರಿಂದ ನಡೆಯುವವರಿಗೂ ತುಳಿಯುವವರಿಗೂ ದಿನಾ ಜಟಾಪಟಿ. ಮುಂದಿನ ಆಡಳಿತಗಳು ಸೈಕಲ್ ಪಟ್ಟಿಯನ್ನು ರಸ್ತೆಗೇ ಇಳಿಸಲು ಆರಂಭಿಸಿದವು.

ಈ ಭಾನುವಾರದ ಗಾಳಿ ಭಾರತಕ್ಕೂ ಬೀಸಿತು. ಗುರುಗ್ರಾಮದಲ್ಲಿ 2013ರಲ್ಲಿ ಶುರುವಾದ 'ರಾಹಗಿರಿ' ಬೊಗೊಟಾದಿಂದಲೇ ಪ್ರೇರಣೆ ಪಡೆದದ್ದು. ಅದೇ ವರ್ಷ ಬೆಂಗಳೂರಿನಲ್ಲೂ ಭಾನುವಾರದ 'ಸೈಕಲ್ ದಿನ' ಆರಂಭವಾಯಿತು.

ಬೊಗೊಟಾದಲ್ಲಿ 2020ರ ಮಾರ್ಚಿನಲ್ಲಿ ಕೊರೊನಾ ಬಂದು ಬಸ್ಸಿನ ನೂಕುನುಗ್ಗಲಿಗೆ ಜನ ಹೆದರಿದಾಗ, ಆಗಿನ ಮೇಯರ್ ಕ್ಲೌಡಿಯಾ ಲೋಪೆಸ್ ಕೆಲವೇ ದಿನಗಳಲ್ಲಿ ಪ್ಲಾಸ್ಟಿಕ್ ಕೋನುಗಳನ್ನಿಟ್ಟು ಮುಖ್ಯರಸ್ತೆಗಳಲ್ಲಿ ಸೈಕಲ್ ಪಟ್ಟಿ ತೆರೆಸಿದರು. ಯಾವ ರಸ್ತೆ ಹೇಗೆ ಮುಚ್ಚಬೇಕು, ವಾಹನ ಎತ್ತ ತಿರುಗಿಸಬೇಕು ಎಂಬುದು ನಗರದ ಸಿಬ್ಬಂದಿಗೆ ಸಿಕ್ಲೊವಿಯಾ ನಡೆಸುತ್ತ ವರ್ಷಗಳಿಂದ ಕೈಗೆ ಹತ್ತಿದ ಕೆಲಸ. ಹಾಗೆ ಬಂದ 80 ಕಿ.ಮೀ.ಗೂ ಹೆಚ್ಚು ಪಟ್ಟಿಗಳು ಆಮೇಲೆ ಕಾಯಂ ಆದವು. ಸೈಕಲ್ ಕಳ್ಳತನ ಮಾತ್ರ ಊರಿನ ದೊಡ್ಡ ತಲೆನೋವಾಗಿಯೇ ಉಳಿದಿದೆ. ಸವಾರರಲ್ಲಿ ಹೆಂಗಸರ ಸಂಖ್ಯೆ ಗಂಡಸರಿಗಿಂತ ಬಹಳ ಕಡಿಮೆ. ಅದನ್ನು ಹೆಚ್ಚಿಸುವುದು ಈಗ ಸಾರಿಗೆ ಇಲಾಖೆಯ ಗುರಿಗಳಲ್ಲೊಂದು.